ಗೌಂಡಿ ನುಂಗಿದ ಒಂದು ಅಡಿ

ಎಮ್ಮೆಗಳೂ ಮನುಷ್ಯರೂ ಒಂದೇ ಸೂರಿನಡಿ ಇರುವಂಥ ಮನೆ ಬೇಕೆಂದು ಕೇಳಿಕೊಂಡು ಬಂದವರು ಅವರು. ನಾನು ಹೇರಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮನೆ ಕಟ್ಟುವಾಗ ನಡೆದದ್ದಕ್ಕೆಲ್ಲ ‘ಆ ಇಂಜಿನಿಯರ್ ಹೆಣ್ಣುಮಗಳ ಹುಚ್ಚು’ ಎಂದು ರಾಯಬಾಗದ ತನಕ ಮಾತಾಗಿತ್ತು. ಹುಚ್ಚು ನನ್ನದಲ್ಲ. ಸಿಟ್ಟು ಮಾತ್ರ ನನ್ನದೇ, ಅದನ್ನು ಒಪ್ಪುತ್ತೇನೆ.

ಚಿಕ್ಕೋಡಿಯಲ್ಲಿ ಮೊದಲ ಮಹಡಿಯ ಮೇಲೆ ನನ್ನದೊಂದು ಸಣ್ಣ ಆಫೀಸು. ಒಂದು ಮಧ್ಯಾಹ್ನ ದಿಗ್ಗೇವಾಡಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ, ಆದರೆ ಕಣ್ಣ ಕೆಳಗೆ ಐವತ್ತರವರಿಗೆ ಬರುವ ಕಪ್ಪು ಬಂದಿತ್ತು. ಕೈಯಲ್ಲಿ ಗಂಡನ ಮೊಬೈಲು. ಅದರಲ್ಲಿ ಯಾವುದೋ ಹೊರದೇಶದ ಮನೆಯ ಚಿತ್ರ: ಉದ್ದಕ್ಕೆ ಮಲಗಿದ ಒಂದೇ ಅಂತಸ್ತು, ಎರಡೂ ಕಡೆ ಇಳಿಜಾರಾದ ಚಾವಣಿ, ದನದ ಕೊಟ್ಟಿಗೆಗೆ ಇರುವಂಥ ಸರಿಯುವ ದೊಡ್ಡ ಬಾಗಿಲು.

“ಇದಕ್ಕ ಬಾರ್ನ್ ಮನಿ ಅಂತಾರಂತ್ರಿ ಅಕ್ಕಾರ. ನಮ್ಮವರು ದಿನಾ ಇದನ್ನ ನೋಡ್ಕೋತ ಕುಂದರ್ತಾರ. ಹಿಂತಾದು ನಮಗ ಆಗತೈತೇನ್ರಿ?”

“ನಿಮ್ಮವರು ಯಾಕ ಬರಲಿಲ್ಲ?” ಎಂದು ಕೇಳಿದೆ.

“ನಿಮ್ಮ ಆಫೀಸಿಗಿ ಹದಿನಾರು ಪಾವಟಿಗಿ ಅದಾವ್ರಿ,” ಅಂದಳು. ಮೆಟ್ಟಿಲು ಎಣಿಸಿಕೊಂಡೇ ಹತ್ತಿದ್ದಳು.

ಎರಡು ವರ್ಷದ ಹಿಂದೆ ಕಬ್ಬು ತುಂಬಿದ ಟ್ರೈಲರ್ ಮೇಲಿಂದ ಬಿದ್ದು ಅವಳ ಗಂಡನ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಬಲವಿಲ್ಲ, ಗಾಲಿಕುರ್ಚಿಯೇ ಗತಿ. ಮನೆಯಲ್ಲಿ ಆರು ಎಮ್ಮೆ. ಅವುಗಳನ್ನು ಸಾಕಿ, ಹಿಂಡಿ, ಡೇರಿಗೆ ಹಾಲು ಹಾಕುತ್ತಿದ್ದವನು ಅವನು. ಈಗ ಅಷ್ಟನ್ನೂ ಇವಳೇ ಮಾಡುತ್ತಾಳೆ. ನಾಲ್ಕಕ್ಕೆ ಏಳುತ್ತಾಳೆ, ಆರೂ ಎಮ್ಮೆಯ ಸೆಗಣಿ ಬಳಿದು, ಹಾಲು ಹಿಂಡಿ, ಆಮೇಲೆ ಬಂದು ಗಂಡನನ್ನು ಎಬ್ಬಿಸಿ ಕೂರಿಸುತ್ತಾಳೆ.

ಮರುವಾರ ಹೋಗಿ ನೋಡಿದೆ. ಊರ ಹೊರಗೆ, ಕೃಷ್ಣೆಯ ನೀರು ಏರದಷ್ಟು ಎತ್ತರದಲ್ಲಿ, ಎರೆಹೊಲದ ನಡುವೆ ತೋಟದ ಮನೆ. ಅವಳ ಮಾವ, ಅಂದರೆ ಮನೆಯ ಯಜಮಾನ, ತಾನೇ ಮುಂದೆ ನಿಂತು ಕಟ್ಟಿಸಿದ ಸ್ಲ್ಯಾಬಿನ ಮನೆ ಅದು. ಅಂಗಳಕ್ಕೆ ಇಳಿಯಲು ನಾಲ್ಕು ಮೆಟ್ಟಿಲು, ಅಲ್ಲಿಂದ ನಲವತ್ತು ಹೆಜ್ಜೆ ದೂರದಲ್ಲಿ ದನದ ಶೆಡ್ಡು. ಮಗ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ. ತೋಳುಗಳು ಇನ್ನೂ ಎತ್ತನ್ನು ಹಿಡಿದು ನಿಲ್ಲಿಸುವಷ್ಟು ಗಟ್ಟಿ.

“ಕೈ ಎರಡೂ ನೆಟ್ಟಗ ಅದಾವ್ರಿ ಮೇಡಂ. ಎಮ್ಮಿ ಒದರಿದ್ರ ಇಲ್ಲಿ ಕುಂತ ಕೇಳಬೇಕ. ಹೆಂಡ್ತಿ ಓಡೂದ ನೋಡಬೇಕ. ನನಗ ಅರಮನಿ ಬ್ಯಾಡ. ಹಾಸಿಗಿಯಿಂದ ಎಮ್ಮಿ ತನಕ ನಾ ಒಬ್ಬನ ಹೋಗಬೇಕ, ಒಬ್ಬನ ತಿರಿಗಿ ಬರಬೇಕ. ಅಷ್ಟ ಮಾಡಿ ಕೊಡ್ರಿ.”

ಇಷ್ಟು ಸ್ಪಷ್ಟವಾಗಿ ತನಗೆ ಬೇಕಾದ್ದನ್ನು ಹೇಳಿದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೇರೆಯವರೆಲ್ಲ ಕೇಳುವುದು ಗೇಟಿನ ಮೇಲೆ ಸಿಂಹ, ಟೆರೇಸಿಗೆ ಕಮಾನು.

ಅಂಗಳದಲ್ಲೇ ಕೆಲಸ ಶುರು ಮಾಡಿದೆ. ಸುಣ್ಣದ ಪುಡಿಯಿಂದ ನಾಲ್ಕು ಅಡಿ ಅಂತರದಲ್ಲಿ ಎರಡು ಗೆರೆ ಎಳೆದು, ಗೆರೆ ದಾಟದಂತೆ ಕುರ್ಚಿ ತಿರುಗಿಸಿ ತೋರಿಸು ಅಂದೆ. ಆಗಲಿಲ್ಲ, ಕಾಲಿಡುವ ಪಟ್ಟಿ ಗೆರೆಯಾಚೆ ಹೋಯಿತು. ನಾಲ್ಕೂವರೆ ಅಡಿಯಲ್ಲಿ ಹಿಂದೆ ಮುಂದೆ ಎಂಟು ಸಲ ಜಗ್ಗಾಡಿ ತಿರುಗಿದ. ಐದು ಅಡಿಯಲ್ಲಿ ಒಂದೇ ಸುತ್ತಿಗೆ ಗರ್ರನೆ ತಿರುಗಿ ನಿಂತು ನಕ್ಕ. ಐದು ಅಡಿ ಎಂದು ಬರೆದುಕೊಂಡೆ. ಎಮ್ಮೆಯ ಹಿಂದೆ ಹೋದವನಿಗೆ ತಿರುಗುವ ಜಾಗ ಇರಲೇಬೇಕು. ಅದು ಬೆದರಿ ಒದೆಯಲು ಶುರು ಮಾಡಿದರೆ ಇಪ್ಪತ್ತು ಅಡಿ ಹಿಮ್ಮುಖವಾಗಿ ಬರುತ್ತಾ ಕೂರಲಾಗುವುದಿಲ್ಲ.

ಯಜಮಾನ ಅಷ್ಟೊತ್ತೂ ಕಂಬಕ್ಕೆ ಒರಗಿ ನೋಡುತ್ತಿದ್ದರು. ಕೊನೆಗೆ ಬಾಯಿ ತೆರೆದರು.

“ಬಾಯಾರ, ಮನಿಗಿ ಆಯಾ ಅಂತ ಒಂದ ನೋಡತಾರಲ್ರಿ…”

ಅವರ ಮಾತು ಮುಗಿಯಲು ನಾನು ಬಿಡಲಿಲ್ಲ. ಆಗಷ್ಟೇ ನಿಪ್ಪಾಣಿಯ ಒಂದು ಕೆಲಸದಲ್ಲಿ ವಾಸ್ತು ಹೇಳುವವನೊಬ್ಬ ಒಂದೇ ಬಚ್ಚಲನ್ನು ನಾಲ್ಕು ಸಲ ಜಾಗ ಬದಲಿಸಿ ನನ್ನ ತಲೆ ತಿಂದಿದ್ದ. “ಆಯಾ, ವಾಸ್ತು ಅಂದ್ರ ನಾ ಈಗ ಎದ್ದ ಹೋಗ್ತೀನ್ರಿ. ಬ್ಯಾರೆ ಇಂಜಿನಿಯರ್ ನೋಡ್ಕೋರಿ,” ಅಂದೆ. ಯಜಮಾನ ತಲೆಯಾಡಿಸಿದರು. ನನ್ನ ಮಾತಿಗೆ ಒಪ್ಪಿದರು ಎಂದುಕೊಂಡೆ. ಎಂಥ ದಡ್ಡಿ ನಾನು!

ನಕ್ಷೆಗೆ ಎರಡು ತಿಂಗಳು ಹಿಡಿಯಿತು. ಒಳಗಿನ ಅಳತೆ ಅರವತ್ತು ಅಡಿ ಉದ್ದ, ಇಪ್ಪತ್ತೆರಡು ಅಡಿ ಅಗಲ. ಪಶ್ಚಿಮದ ನಲವತ್ತು ಅಡಿ ಮನುಷ್ಯರಿಗೆ, ಪೂರ್ವದ ಇಪ್ಪತ್ತು ಅಡಿ ಎಮ್ಮೆಗಳಿಗೆ. ನಮ್ಮಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಪಡುವಣದಿಂದ, ಹಾಗಾಗಿ ಸೆಗಣಿಯ ವಾಸನೆ ಅಡುಗೆಮನೆಗೆ ಬರದೆ ಹೊರಗೆ ಹೋಗುತ್ತದೆ. ನಡುವೆ ಚಾವಣಿ ಮುಟ್ಟುವ ಗೋಡೆ, ಅದಕ್ಕೊಂದು ಸರಿಯುವ ಬಾಗಿಲು. ಎಮ್ಮೆಗಳ ಭಾಗದಲ್ಲಿ ಅಗಲದ ಲೆಕ್ಕ ಹೀಗೆ: ಮೇವು ಹಾಕಲು ಮುಂದೆ ಐದು ಅಡಿ ದಾರಿ, ಗೋದಲಿಗೆ ಎರಡೂವರೆ, ಎಮ್ಮೆ ನಿಲ್ಲಲು ಎಂಟು, ಗಂಜಲ ಹರಿಯುವ ಕಾಲುವೆಗೆ ಒಂದೂವರೆ, ಹಿಂದೆ ಮತ್ತೆ ಐದು ಅಡಿ ದಾರಿ. ಕೂಡಿದರೆ ಇಪ್ಪತ್ತೆರಡು. ಎಮ್ಮೆ ನಿಲ್ಲುವ ಕಟ್ಟೆಯನ್ನು ದಾರಿಗಿಂತ ಒಂದೂಕಾಲು ಅಡಿ ಎತ್ತರಿಸಿದೆ. ಹಾಗೆ ಮಾಡಿದರೆ ಕುರ್ಚಿಯಲ್ಲಿ ಕೂತವನ ಕೈಗೆ ಕೆಚ್ಚಲು ಸಿಗುತ್ತದೆ, ಹಾಲು ಹಿಂಡುವ ಮಷೀನನ್ನು ಬಗ್ಗದೆ ಹಚ್ಚಬಹುದು. ಎಮ್ಮೆಗಳು ಹತ್ತಿ ಬರಲು ಹೊರಗಿನಿಂದ ಇಳಿಜಾರು.

ಹಾಸಿಗೆಯಿಂದ ಎಮ್ಮೆ ತನಕ ನೆಲದಲ್ಲಿ ಒಂದು ಬೆರಳಿನಷ್ಟೂ ಏರುಪೇರು ಇರಕೂಡದು. ಅಂದರೆ ಹೊಸ್ತಿಲು ಇಲ್ಲ. ಹೊಸ್ತಿಲಿಲ್ಲದ ಮನೆಗೆ ಹೆಂಗಸರು ಒಪ್ಪುವುದಿಲ್ಲ ಎಂದು ಹೆದರಿದ್ದೆ. ಸೊಸೆಗೆ ಕೇಳಿದರೆ, “ನೆಲಕ್ಕ ಸಮ ಒಂದ ಕಲ್ಲ ಕೂಡಸ್ರಿ. ನಾ ಕಲ್ಲಿಗಿ ಪೂಜಾ ಮಾಡ್ತೀನಿ, ಎತ್ತರಕ್ಕ ಅಲ್ಲಲ್ರಿ,” ಅಂದುಬಿಟ್ಟಳು. ಕೇಳಿದ್ದಕ್ಕೆ ಐದು ನಿಮಿಷದಲ್ಲಿ ಮುಗಿದ ಮಾತು ಅದು.

ಸ್ಲ್ಯಾಬ್ ಇಲ್ಲ, ಮೇಲೆ ತಗಡು ಅಂದಾಗ ಯಜಮಾನ ಮುಖ ಗಂಟಿಕ್ಕಿದರು. “ಮಂದಿ ಬೇದಾಣಾ ಶೆಡ್ ಅಂತಾರ್ರಿ,” ಅಂದರು. ನಮ್ಮ ಕಾಗವಾಡ ಕಡೆ ದ್ರಾಕ್ಷಿ ಒಣಗಿಸಲು ಕಟ್ಟುವ ಉದ್ದನೆ ಶೆಡ್ಡುಗಳ ಹೆಸರದು. ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಾಗವಾಡಕ್ಕೇ ಹೋದೆ. ಏಪ್ರಿಲ್‌ನ ಎರಡು ಗಂಟೆ ಬಿಸಿಲಿನಲ್ಲಿ ಮೊದಲು ಸಾದಾ ತಗಡಿನ ಶೆಡ್ಡಿನಲ್ಲಿ, ಆಮೇಲೆ ನಡುವೆ ಫೋಮ್ ತುಂಬಿದ ದಪ್ಪ ಶೀಟಿನ ಗೋದಾಮಿನಲ್ಲಿ ಕೂರಿಸಿದೆ. ಎರಡನೆಯದರಲ್ಲಿ ಅವರಿಗೆ ನಿದ್ದೆ ಬಂತು. ಎದ್ದು, “ಬರೋಬರಿ ಐತಿ ಬಿಡ್ರಿ,” ಅಂದರು. ಎಲ್ಲ ಸುಸೂತ್ರ ನಡೆಯುತ್ತಿದೆ ಎಂದು ನಾನು ಬೀಗಿದ್ದೇ ಆಗ.

ಕಟ್ಟುವ ಕೆಲಸಕ್ಕೆ ಯಜಮಾನರೇ ಗೊತ್ತುಮಾಡಿದ ಗೌಂಡಿ, ಅಂದರೆ ಗಾರೆ ಮೇಸ್ತ್ರಿ, ಬಂದ. ಅರವತ್ತರ ಹತ್ತಿರದ ಮನುಷ್ಯ, ಕೈ ಬಲು ಸಾಫು, ಕುಡಿತವಿಲ್ಲ, ಮಾತು ಕಡಿಮೆ. ನೆಲಕ್ಕೆ ದಾರ ಹಿಡಿದು ಗುರುತು ಹಾಕುವ ದಿನ ನಾನು ನಿಪ್ಪಾಣಿಯಲ್ಲಿ ಸ್ಲ್ಯಾಬ್ ಹಾಕಿಸುತ್ತಿದ್ದೆ. ಫೋನಿನಲ್ಲಿ ಕೇಳಿದೆ: “ಕರ್ಣ ನೋಡಿದಿ?”

“ಎರಡೂ ಸಮ ಅದಾವ್ರಿ ಮೇಡಂ. ಒಂದ ದಾರ ಹೆಚ್ಚ ಕಡಿಮಿ ಇಲ್ಲ.”

ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಹಿಡಿದ ಎರಡು ಅಳತೆ, ಸಮವಿದ್ದರೆ ಮೂಲೆ ಸರಿ ಇದೆ ಎಂದರ್ಥ. ಅಗಲ ಎಷ್ಟು ಎಂದು ಅದು ಹೇಳುವುದಿಲ್ಲ. ಇಂಜಿನಿಯರಿಂಗ್ ಓದದವರಿಗೂ ಗೊತ್ತಿರುವ ಮಾತಿದು, ನನಗೆ ಆ ಹೊತ್ತು ಹೊಳೆಯಲಿಲ್ಲ. ಆಮೇಲೆ ಮೂರು ಸಲ ಹೋದೆ. ಎರೆಮಣ್ಣು ದಾಟಿ ಗಟ್ಟಿ ಗರಸು ಸಿಗುವ ತನಕ ಪಾಯ ತೋಡಿದ್ದಾರೋ ಇಲ್ಲವೋ ನೋಡಿದೆ. ಕಬ್ಬಿಣ ಎಣಿಸಿದೆ. ಪಿಲ್ಲರಿನ ತಲೆಯಲ್ಲಿ ಬೋಲ್ಟುಗಳನ್ನು ಹೂಳಿದ್ದು ನೆಟ್ಟಗಿದೆಯೇ ಎಂದು ಮಟ್ಟ ಹಿಡಿದು ನೋಡಿದೆ. ಈ ಪಿಲ್ಲರಿನಿಂದ ಆ ಪಿಲ್ಲರಿಗೆ ಅಡ್ಡಲಾಗಿ ಟೇಪು ಮಾತ್ರ ಹಿಡಿಯಲಿಲ್ಲ. ನಡುವೆ ಗರಸಿನ ಗುಡ್ಡೆ ಹಾಕಿದ್ದರು, ಟೇಪು ನೇರ ಬರುತ್ತಿರಲಿಲ್ಲ. ನೆಪ ಇದು. ಗುಡ್ಡೆ ಹತ್ತಿ ಇಳಿಯಲು ಸೋಮಾರಿತನ, ಅಷ್ಟೇ.

ಚಾವಣಿ ಹೊರುವ ಏಳು ಕಬ್ಬಿಣದ ಟ್ರಸ್ಸುಗಳು ಕಾಗವಾಡದ ವರ್ಕ್‌ಶಾಪಿನಲ್ಲಿ ನನ್ನ ನಕ್ಷೆಯ ಪ್ರಕಾರವೇ ತಯಾರಾಗಿ ಲಾರಿಯಲ್ಲಿ ಬಂದವು. ಕ್ರೇನು ಮೊದಲನೆಯದನ್ನು ಎತ್ತಿತು. ನೋಡಲು ಹತ್ತಾರು ಜನ ಸೇರಿದ್ದರು. ಮಗ ಕುರ್ಚಿಯಲ್ಲಿ ಕೂತು ಮೇಲಕ್ಕೇ ನೋಡುತ್ತಿದ್ದ. ದಕ್ಷಿಣದ ಪಿಲ್ಲರಿನ ಬೋಲ್ಟಿಗೆ ಟ್ರಸ್ಸಿನ ತೂತು ಸರಿಯಾಗಿ ಕೂತಿತು. ಉತ್ತರದ ಕಡೆ ಅದು ಪಿಲ್ಲರನ್ನು ದಾಟಿ ಗಾಳಿಯಲ್ಲಿ ನಿಂತಿತು.

“ಟ್ರಸ್ಸ ಉದ್ದ ಆಗೈತ್ರಿ,” ಎಂದು ಯಾರೋ ಕೂಗಿದರು. ವರ್ಕ್‌ಶಾಪಿನವನ ಮುಖ ಬಿಳಿಚಿಕೊಂಡಿತು. ನಾನು ಟೇಪು ತೆಗೆದು ಮೊದಲು ಲಾರಿಯಲ್ಲಿದ್ದ ಟ್ರಸ್ಸನ್ನೇ ಅಳೆದೆ. ಸರಿ ಇತ್ತು. ಆಮೇಲೆ ಗರಸಿನ ಗುಡ್ಡೆ ಹತ್ತಿ, ಇಳಿದು, ಪಿಲ್ಲರಿನ ನಡುವೆ ಅಳೆದೆ. ಇಪ್ಪತ್ತೊಂದು ಅಡಿ. ಇನ್ನೊಂದು ಜೋಡಿ ಅಳೆದೆ. ಇಪ್ಪತ್ತೊಂದು. ಏಳೂ ಜೋಡಿ ಅಳೆದೆ. ಇಪ್ಪತ್ತೊಂದು ಅಂದರೆ ಇಪ್ಪತ್ತೊಂದೇ, ಅರ್ಧ ಇಂಚೂ ಆಚೀಚೆ ಇಲ್ಲ. ಉದ್ದ ಅರವತ್ತೊಂದು. ಇದು ಕೈತಪ್ಪಲ್ಲ. ಕೈತಪ್ಪಾಗಿದ್ದರೆ ಇಷ್ಟು ನೀಟಾಗಿ ಆಗುತ್ತಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಗೌಂಡಿ ನೆಲ ನೋಡುತ್ತ ನಿಂತಿದ್ದ.

“ಒಂದ ಫೂಟ ಎಲ್ಲಿ ಹೋತು? ನುಂಗಿದಿ ಏನ? ನಿನಗ ನಕ್ಷಾ ಕೊಟ್ಟಿದ್ದು ಬೀಡಿ ಸುತ್ತಾಕ ಅಲ್ಲ. ಯಾರ ಹೇಳಿದ್ರು ಕಡಿಮಿ ಮಾಡಾಕ?”

ಅವನಿಗೆ ನನ್ನ ತಂದೆಯ ವಯಸ್ಸು. ಹತ್ತು ಜನರ ಎದುರು ಬಾಯಿಗೆ ಬಂದಂತೆ ಬೈದೆ. ಅವನು ಯಜಮಾನರ ಕಡೆ ಒಮ್ಮೆ ನೋಡಿದ.

“ಅವಗ ಯಾಕ ಬೈತೀರಿ? ನಾನ ಹೇಳಿದ್ನಿ,” ಅಂದರು ಯಜಮಾನ.

ಆಯದ ಲೆಕ್ಕ. ಮನೆಯ ಒಳಗಿನ ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಏನು ಉಳಿಯುತ್ತದೋ ಅದು ಆ ಮನೆಯ ಆಯ. ಒಂದು, ಮೂರು, ಐದು, ಏಳು ಉಳಿದರೆ ಧ್ವಜ, ಸಿಂಹ, ಎತ್ತು, ಆನೆ, ಇವು ಶುಭ. ಸಮಸಂಖ್ಯೆ ಬಂದರೆ ಹೊಗೆ, ನಾಯಿ, ಕತ್ತೆ. ಏನೂ ಉಳಿಯದಿದ್ದರೆ ಕಾಗೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ನನ್ನ ನಕ್ಷೆಯ ಅರವತ್ತು ಇಪ್ಪತ್ತೆರಡಲಿ ಸಾವಿರದ ಮುನ್ನೂರಿಪ್ಪತ್ತು. ಎಂಟರಿಂದ ಪೂರ್ತಿ ಭಾಗವಾಗುತ್ತದೆ. ಕಾಗೆ. ಗೌಂಡಿ ಅಗಲದಲ್ಲಿ ಒಂದಡಿ ಕಿತ್ತು ಉದ್ದಕ್ಕೆ ಸೇರಿಸಿ ಅದನ್ನು ಧ್ವಜ ಮಾಡಿದ್ದ.

“ಆ ಒಂದ ಫೂಟಿನ್ಯಾಗ ನಿಮ್ಮ ಮಗ ತಿರಗಬೇಕಾಗಿತ್ರಿ!” ಎಂದು ಚೀರಿದೆ. “ನನಗ ಒಂದ ಮಾತ ಹೇಳಾಕ ಏನ ಧಾಡಿ ಆಗಿತ್ತು?”

“ಹೇಳಾಕ ಬಂದಿದ್ನಿ. ನೀವು ಎದ್ದ ಹೋಗ್ತೀನಿ ಅಂದ್ರಿ,” ಅಂದರು ಯಜಮಾನ. ದನಿ ಏರಿಸಲಿಲ್ಲ. “ಹಳಿ ಮನಿ ಕಟ್ಟುವಾಗ ಅವಾಗಿನ ಗೌಂಡಿ ಆಯಾ ನೋಡೂಣ ಅಂದಿದ್ದ. ಸುಮ್ಮಸುಮ್ಮನ ತಡ ಆಕ್ಕೈತಿ, ಬ್ಯಾಡ ಅಂದವ ನಾನು. ಹುಡುಗ ಬಿದ್ದ ಮ್ಯಾಲ ಅಳದ ನೋಡಿದ್ನಿ ಬಾಯಾರ. ಕಾಗಿ ಬಂತು. ನಿಮ್ಮ ನಕ್ಷಾ ಅಳದ್ನಿ, ಮತ್ತ ಕಾಗಿ. ಎರಡನೇ ಸಲ ಹೆಂಗ ಸುಮ್ನಿರ್ಲಿ?”

ಮಗನಿಗೂ ಈ ಸುದ್ದಿ ಗೊತ್ತಿರಲಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

“ಅಪ್ಪಾ, ನಾ ಬಿದ್ದಿದ್ದು ಟ್ರೈಲರ್ ಮ್ಯಾಲಿಂದ. ಹಗ್ಗ ಸಡ್ಲ ಕಟ್ಟಿದಾವ ನಾನ. ಮನಿ ಏನ ಮಾಡೀತು?”

ಯಜಮಾನ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. ಎರಡು ವರ್ಷ ಆ ಮನುಷ್ಯ ಮಗನ ಕಾಲು ತಾನೇ ಕಿತ್ತುಕೊಂಡೆ ಎಂದುಕೊಂಡು ಬದುಕಿದ್ದ ಎಂದು ನನಗೆ ಅರ್ಥವಾಯಿತು. ಹಾಗಂತ ಸಿಟ್ಟು ಇಳಿಯಲಿಲ್ಲ. ಕರುಣೆ ಬಂದರೆ ಸಿಟ್ಟು ಹೋಗುತ್ತದೆ ಎಂದು ಯಾರು ಹೇಳುತ್ತಾರೋ ಗೊತ್ತಿಲ್ಲ, ನನಗೆ ಎರಡೂ ಒಟ್ಟಿಗೆ ಇದ್ದವು.

ಕ್ರೇನಿನವನಿಗೆ ಟ್ರಸ್ಸುಗಳನ್ನು ಕೆಳಗಿಳಿಸು ಅಂದೆ. ಕಬ್ಬಿನ ಒಣಗಿದ ರವದಿ ಹಾಸಿ ಅದರ ಮೇಲೆ ಅವನ್ನು ಮಲಗಿಸಿದರು. ವರ್ಕ್‌ಶಾಪಿನವನು ಹತ್ತಿರ ಬಂದು, “ಮೇಡಂ, ಎಲ್ಲಾನೂ ಒಂದೊಂದ ಫೂಟ ಕಟ್ ಮಾಡಿ ವೆಲ್ಡ್ ಮಾಡಿ ಕೊಡ್ತೀನ್ರಿ, ಎರಡ ದಿನದ ಕೆಲಸ,” ಅಂದ. ಎಲ್ಲರಿಗೂ ಸುಲಭವಾದ ದಾರಿ ಅದೇ. ಕಾರಿನ ಬಾನೆಟ್ ಮೇಲೆ ನಕ್ಷೆ ಹರಡಿ, ಇಪ್ಪತ್ತೊಂದರಲ್ಲೇ ಹೊಂದಿಸಲು ನೋಡಿದೆ. ಎಮ್ಮೆಯ ಕಟ್ಟೆ ಕಡಿಮೆ ಮಾಡಿದರೆ ಹಿಂಗಾಲು ಕಾಲುವೆಗೆ ಬೀಳುತ್ತದೆ. ಗೋದಲಿ ಕಡಿಮೆ ಮಾಡಿದರೆ ಮೇವು ಚೆಲ್ಲುತ್ತದೆ. ಕಾಲುವೆ ಕಿರಿದಾದರೆ ಸೆಗಣಿ ನೀರು ದಾರಿಗೆ ಬಂದು ಗಾಲಿ ಜಾರುತ್ತದೆ. ಎರಡು ತಿಂಗಳು ಗುದ್ದಾಡಿ ಇಳಿಸಿದ ಅಳತೆಗಳು ಅವು, ಅವನು ತಿರುಗುವ ದಾರಿಯ ಐದು ಅಡಿ ಬಿಟ್ಟರೆ ಕೀಳಲು ಇನ್ನೇನೂ ಉಳಿದಿರಲಿಲ್ಲ.

ನಕ್ಷೆ ಮಡಚಿ ಕಾರಿನೊಳಗೆ ಕೂತೆ. ಹಾಳಾಗಿ ಹೋಗಲಿ, ಧ್ವಜ ಏರಿಸಿಕೊಂಡು ಇರಲಿ ಅನ್ನಿಸಿತು. ಕೀಲಿ ತಿರುಗಿಸುವ ಹೊತ್ತಿಗೆ ಸೊಸೆ ಬಂದು ಕಿಟಕಿ ಹಿಡಿದು ನಿಂತಳು.

“ಅಕ್ಕಾರ, ಸಿಟ್ಟ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಹೋಗಬ್ಯಾಡ್ರಿ ಅಷ್ಟ. ಬರ್ರಿ, ಒಂದ ಸಲ ನೋಡ ಬರ್ರಿ.”

ಪಿಲ್ಲರುಗಳ ನಡುವೆ ಅವಳೇ ಸುಣ್ಣದ ಗೆರೆ ಎಳೆದಿದ್ದಳು. ನಾಲ್ಕು ಅಡಿ. ಗಂಡ ಅದರೊಳಗೆ ಕುರ್ಚಿ ನುಗ್ಗಿಸಿ ತಿರುಗಿಸಲು ಒದ್ದಾಡುತ್ತಿದ್ದ. ಬೆವರು ಇಳಿಯುತ್ತಿತ್ತು, ಗಾಲಿ ಅಲ್ಲೇ ಗಿರಕಿ ಹೊಡೆಯುತ್ತಿತ್ತು. ಅವಳು ಹಿಂದೆ ಹೋಗಿ ಹಿಡಿಕೆ ಹಿಡಿದು ಎಳೆದು ಹೊರಗೆ ತಂದಳು.

“ನೋಡಿದ್ರಿಲ್ಲ? ನಾಕ ಫೂಟ ಆದ್ರ ನಾ ಇರಬೇಕ ಇವರ ಹಿಂದ,” ಅಂದಳು. ಆಮೇಲೆ ಮಾವನ ಕಡೆ ತಿರುಗಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೇ ಹೇಳಿದಳು: “ಮಾವಾರ, ಮನಿಗಿ ಒಳ್ಳೇದಾಗತೈತಿ ಅಂತೀರಿ. ಆ ಮನ್ಯಾಗ ನಾನೂ ಇರಾಕಿ ಅಲ್ರಿ?”

ಅವಳು ಮಾವನಿಗೆ ಎದುರಾಡಿದ್ದನ್ನು ಅದುವರೆಗೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ಯಜಮಾನ ಬಂದು ಸುಣ್ಣದ ಗೆರೆಯ ಪಕ್ಕ ನಿಂತು, “ಒಡೀರಿ ಹಂಗಾರ. ಇಪ್ಪತ್ತೆರಡ ಮಾಡ್ರಿ. ಆದ್ರ ಬಾಯಾರ, ಕೈ ಮುಗೀತೀನಿ, ಕಾಗಿ ಮಾ‌ತ್ರ ಬ್ಯಾಡ್ರಿ,” ಅಂದರು.

ಅಲ್ಲಿ ನಾನು ಮಾಡಿದ ತೀರ್ಮಾನ ಒಂದೇ. ಕಾಗೆಯೂ ಇಲ್ಲ ಗುಬ್ಬಿಯೂ ಇಲ್ಲ ಎಂದು ಮತ್ತೊಮ್ಮೆ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಿದರೆ ಈ ಮುದುಕ ಇನ್ನೊಂದು ಕಡೆ ಇನ್ನೊಂದು ಅಡಿ ಕದಿಸುತ್ತಾನೆ, ಕದಿಸದಿದ್ದರೆ ಮಗ ಕೆಮ್ಮಿದಾಗಲೆಲ್ಲ ತಾನು ಕಾಗೆ ನೆನೆದು ಸಾಯುತ್ತಾನೆ. ಗೌಂಡಿಯ ಎದುರು ಹೋಗಿ ಗರಸಿನ ಗುಡ್ಡೆಯ ಮೇಲೆ ಕೂತೆ.

“ಆ ಲೆಕ್ಕ ನನಗ ಕಲಸು,” ಅಂದೆ.

“ನಿಮಗ್ರಿ?” ಅವನು ಇನ್ನಷ್ಟು ಬೈಗುಳಕ್ಕೆ ತಯಾರಾಗಿದ್ದ. ಅಂಗಿಯ ಕಿಸೆಯಿಂದ ಸಿಮೆಂಟು ಮೆತ್ತಿದ ಸಣ್ಣ ನೋಟ್‌ಬುಕ್ ತೆಗೆದ. ಅದರ ತುಂಬ ಅವನು ಕಟ್ಟಿದ ಮನೆಗಳ ಉದ್ದ ಅಗಲ, ಪಕ್ಕದಲ್ಲಿ ಆನೆ, ಎತ್ತು, ಸಿಂಹ ಎಂದು ಬರೆದಿತ್ತು. ಅವನ ಲೆಕ್ಕವೆಲ್ಲ ಪೂರ್ತಿ ಅಡಿಗಳಲ್ಲಿ. ಇಪ್ಪತ್ತೆರಡನ್ನು ಯಾವ ಪೂರ್ತಿ ಅಡಿಯಿಂದ ಗುಣಿಸಿದರೂ ಸಮಸಂಖ್ಯೆಯೇ ಬರುತ್ತದೆ, ಶುಭ ಬರಲು ಸಾಧ್ಯವೇ ಇಲ್ಲ. ಅದಕ್ಕೇ ಅವನು ಅಗಲಕ್ಕೆ ಕೈ ಹಾಕಿದ್ದು. ನಾನು ಲಾರಿಯ ಚಲನ್ ಹಾಳೆಯ ಹಿಂದೆ ಉದ್ದಕ್ಕೆ ಅರ್ಧ ಅಡಿ ಸೇರಿಸಿ ನೋಡಿದೆ. ಅರವತ್ತೂವರೆ ಇಪ್ಪತ್ತೆರಡಲಿ ಸಾವಿರದ ಮುನ್ನೂರ ಮೂವತ್ತೊಂದು. ಎಂಟರಿಂದ ಭಾಗಿಸಿದರೆ ಮೂರು ಉಳಿಯಿತು.

“ಮೂರಕ್ಕ ಏನ?”

“ಸಿಂಹ್ರಿ,” ಅಂದ ಗೌಂಡಿ. ಅವನೇ ಮತ್ತೊಮ್ಮೆ ಗುಣಿಸಿ ಭಾಗಿಸಿದ. “ಸಿಂಹನ ಐತಿ.”

“ಅರ್ಧ ಫೂಟ ನಡೀತೈತೇನ?” ಎಂದು ಯಜಮಾನ ಅನುಮಾನಪಟ್ಟರು.

ಗೌಂಡಿ ತಲೆ ಕೆರೆದುಕೊಂಡು ಹೇಳಿದ: “ಯಾಕ ನಡಿಯಂಗಿಲ್ರಿ? ನಮ್ಮ ಹಿರ್ಯಾರು ಗೇಣು ಬೆರಳು ಹಿಡದ ಅಳೀತಿದ್ರು. ಅವಾಗ ಫೂಟ ಎಲ್ಲಿತ್ರಿ?”

ಅಲ್ಲಿಗೆ ಮುಗಿಯಿತು. ಲೆಕ್ಕಕ್ಕೆ ಹಿಡಿದದ್ದು ಹತ್ತು ನಿಮಿಷ. ಮೊದಲ ದಿನ ಅಂಗಳದಲ್ಲಿ ಆ ಮುದುಕನ ಮಾತು ಮುಗಿಯಲು ಬಿಟ್ಟಿದ್ದರೆ ಅದೇ ಹತ್ತು ನಿಮಿಷದಲ್ಲಿ ಒಂದೂ ಪಿಲ್ಲರ್ ಒಡೆಯದೆ ಈ ಕೆಲಸ ಆಗುತ್ತಿತ್ತು. ಇದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಗೌಂಡಿಯದೂ ತಪ್ಪೇ. ನಕ್ಷೆ ಬದಲಿಸಿ ನನ್ನಿಂದ ಮುಚ್ಚಿಟ್ಟದ್ದಕ್ಕೆ ಅವನಿಗೆ ನಾನು ಇವತ್ತಿಗೂ ಮಾಫಿ ಕೊಟ್ಟಿಲ್ಲ.

ಉತ್ತರದ ಸಾಲಿನ ಏಳು ಪಿಲ್ಲರು, ಅವುಗಳನ್ನು ಕೂಡಿಸುವ ನೆಲಮಟ್ಟದ ಬೀಮು, ಎಲ್ಲ ಒಡೆಸಿದೆ. ಹಗುರ ಚಾವಣಿಯಾದ್ದರಿಂದ ಪಾಯದ ಮೇಲೆ ಭಾರ ಕಡಿಮೆ, ಹಳೆಯ ಪಾಯಗಳನ್ನು ಕೀಳುವ ಅಗತ್ಯ ಬೀಳಲಿಲ್ಲ. ಹೊರಗಡೆಯಿಂದ ಮತ್ತೆ ಗರಸಿನ ತನಕ ತೋಡಿ, ಹಳೆಯ ಕಾಂಕ್ರೀಟಿನ ಮೈ ಕೆತ್ತಿ ಒರಟು ಮಾಡಿ, ಅದರೊಳಗೆ ತೂತು ಕೊರೆದು ರಾಳದಂಥ ಅಂಟಿನಲ್ಲಿ ಸರಳು ಕೂರಿಸಿ, ಪಾಯವನ್ನು ಹೊರಕ್ಕೆ ಅಗಲಿಸಿದೆವು. ಒಂದು ಅಡಿ ಆಚೆಗೆ ಹೊಸ ಪಿಲ್ಲರು ಎದ್ದವು. ಮೂರು ವಾರ ದಿನವೂ ನೀರು ಕುಡಿಸಿದ್ದಾಯಿತು. ಅಷ್ಟೂ ದಿನ ನಾನು ಬೆಳಿಗ್ಗೆ ಅಲ್ಲಿರುತ್ತಿದ್ದೆ. ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲೇ.

“ಕರ್ಣ ಸಮ ಐತ್ರಿ ಮೇಡಂ,” ಎಂದು ಗೌಂಡಿ ಬಾಯಿ ತೆರೆಯುವುದೇ ತಡ, “ಕರ್ಣ ನಿನ್ನ ಕಿಸೆದಾಗ ಇಟ್ಗೊ, ಅಗಲ ಹೇಳು,” ಅನ್ನುತ್ತಿದ್ದೆ. ಅವನು ಪಾಪದಂತೆ ಮುಖ ಮಾಡಿ ಜೋರಾಗಿ ಓದುತ್ತಿದ್ದ, “ಇಪ್ಪತ್ತೆರಡೂ, ಸೊನ್ನೀ.” ಆಳುಗಳು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಉದ್ದ ಅರವತ್ತೊಂದಿದ್ದದ್ದನ್ನು ಅರವತ್ತೂವರೆಗೆ ಇಳಿಸುವುದು ಹೇಗೆಂದು ನಾನು ಯೋಚಿಸುತ್ತಿದ್ದಾಗ ಗೌಂಡಿಯೇ ದಾರಿ ಹೇಳಿದ. ಪೂರ್ವದ ಕೊನೆಯ ಗೋಡೆಗೆ ಒಳಗಡೆಯಿಂದ ಅರ್ಧ ಅಡಿ ದಪ್ಪ ಕಲ್ಲು ಕಟ್ಟಿದರೆ ಆಯಿತು, ಎಮ್ಮೆ ಕೊಂಬು ತಿಕ್ಕಿದರೂ ಗಿಲಾವು ಉದುರುವುದಿಲ್ಲ, ಗಂಜಲದ ಹಸಿಯೂ ಏರುವುದಿಲ್ಲ ಎಂದ. ಒಳ್ಳೆಯ ಉಪಾಯ. ನನಗೆ ಹೊಳೆಯದಿದ್ದದ್ದು. ಅದನ್ನೂ ಒಪ್ಪಿಕೊಂಡೆ, ಹಲ್ಲು ಕಚ್ಚಿಕೊಂಡು.

ಟ್ರಸ್ಸುಗಳು ಎರಡನೆಯ ಸಲ ಏರಿದಾಗ ಏಳೂ ತಮ್ಮ ತಮ್ಮ ಬೋಲ್ಟಿಗೆ ಕೂತವು. ಶೀಟು ಬಂತು, ಚಾವಣಿಯ ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಉದ್ದಕ್ಕೂ ಕಿಂಡಿ ಬಂತು, ಸರಿಯುವ ಬಾಗಿಲು ಬಂತು. ನೆಲಕ್ಕೆ ಗಾಲಿ ಜಾರದಂತೆ ಒರಟು ಫರಸಿ ಕಲ್ಲು ಹಾಸಿದೆವು. ಬಾಗಿಲಲ್ಲಿ ನೆಲಕ್ಕೆ ಸಮನಾಗಿ ಪೂಜೆಯ ಕಲ್ಲು ಕೂತಿತು.

ಮನೆ ಹೊಕ್ಕುವ ದಿನ ನೆಂಟರು ಬಂದರು. ಒಬ್ಬರು ಬೇದಾಣಾ ಶೆಡ್ ಅಂದರು, ಇನ್ನೊಬ್ಬರು ಕೋಳಿ ಫಾರ್ಮ್ ಅಂದರು. ಯಜಮಾನ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, “ಸಿಂಹ ಆಯಾ ಐತಿ,” ಎಂದು ಎಲ್ಲರಿಗೂ ಹೇಳುತ್ತಾ ತಿರುಗಿದರು. ಅದನ್ನು ಕೇಳಿದವರೆಲ್ಲ ಗೌಂಡಿಯ ಬೆನ್ನು ತಟ್ಟಿದರು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಹೋಳಿಗೆ ತಿನ್ನುತ್ತಾ ಮೇಲೆ ನೋಡಿದರೆ ಕಿಂಡಿಗೆ ಹಕ್ಕಿ ಬರದಂತೆ ಹೊಡೆಯಬೇಕಿದ್ದ ಜಾಳಿಗೆಯನ್ನು ಅರ್ಧಕ್ಕೇ ಬಿಟ್ಟಿದ್ದರು. ನಾಳೆ ಸೂರ್ಯ ಮುಳುಗುವುದರೊಳಗೆ ಮುಗಿಸು ಎಂದು ಗೌಂಡಿಗೆ ಹೇಳಿ ಬಂದೆ. ಹೂಂ ಅಂದ.

ಮೂರನೆಯ ದಿನ ಬೆಳಿಗ್ಗೆ ಅವನಿಗೆ ಫೋನು ಮಾಡಿದರೆ ಬೇರೆ ಕೆಲಸದಲ್ಲಿ ಅಥಣಿಯಲ್ಲಿದ್ದ. ಜಾಳಿಗೆ ಹಾಗೇ ಇದೆ ಎಂದು ಅವನೇ ಒಪ್ಪಿದ. ತಲೆ ಕೆಟ್ಟುಹೋಯಿತು. ಇವನನ್ನು ಕರೆಸಿ ಅವರ ಎದುರೇ ನಾಲ್ಕು ಮಾತು ಕೇಳಬೇಕು ಎಂದು ಸೊಸೆಯ ನಂಬರಿಗೆ ಹಚ್ಚಿದೆ. ಮೊದಲ ರಿಂಗಿಗೇ ಎತ್ತುವವಳು ಅವಳು. ಇವತ್ತು ಬಹಳ ಹೊತ್ತು ಬಾರಿಸಿತು. ಎತ್ತಿದವರು ಯಜಮಾನ.

“ಏನ್ರಿ ಇದು, ಆ ಗೌಂಡಿ ನಿಮಗ…” ಎಂದು ಶುರು ಮಾಡಿದೆ.

“ಬಾಯಾರ, ಸಣ್ಣಕ ಮಾತಾಡ್ರಿ,” ಅಂದರು ಯಜಮಾನ. ಅವರು ಪಿಸುಗುಡುತ್ತಿದ್ದರು.

“ಯಾಕ್ರಿ? ಏನಾತು?”

“ಸೊಸಿ ಇನ್ನಾ ಮಲಗ್ಯಾಳ್ರಿ.”

ಗಡಿಯಾರ ನೋಡಿದೆ. ಏಳೂವರೆ ದಾಟಿತ್ತು. “ಎಮ್ಮಿ?” ಎಂದು ಕೇಳಿದೆ.

“ಹಿಂಡಿ ಆತ್ರಿ, ಹಾಲ ಡೇರಿಗಿ ಹೋತು. ಹುಡುಗ ಒಬ್ಬನ ಹಿಂಡಿದ. ನಾ ಹಿಂದ ಹ್ವಾದ್ನಿ, ನನ್ನೂ ಒಳಗ ಬಿಡಲಿಲ್ಲ, ಬಾಗಲಾ ಹಾಕ್ಕೊಂಡ.”

ಗೌಂಡಿಗೆಂದು ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಜಾಳಿಗೆಯ ಸುದ್ದಿ ಆಮೇಲೆ ಮಾತಾಡೋಣ, ಅವಳು ಎದ್ದ ಮೇಲೆ, ಎಂದು ನಾನೂ ಪಿಸುಮಾತಿನಲ್ಲೇ ಹೇಳಿ ಫೋನಿಟ್ಟೆ.